ತಗಡಿನ ಆಚೆ ಕಡೆಯವನು

ಅವನನ್ನು ಎಲ್ಲರೂ ದರ್ಜಿ ಎಂದೇ ಕರೆಯುತ್ತಿದ್ದರು. ಹಾಗಂತ ಅವನು ಜೀವಮಾನದಲ್ಲಿ ಒಂದು ಗುಂಡಿ ಹೊಲಿದವನಲ್ಲ. ಅಂಗಿಯ ಗುಂಡಿ ಕಿತ್ತರೆ ಹೆಂಡತಿಯೇ ಹಾಕಿಕೊಡಬೇಕು. ಅವನದು ವೆಲ್ಡಿಂಗ್ ಕೆಲಸ. ಅವನು ಬೆಸೆದ ಉಕ್ಕಿನ ಮೇಲೆ ಗೆರೆ ಎಷ್ಟು ಸಮನಾಗಿ ಬೀಳುತ್ತಿತ್ತೆಂದರೆ, ಒಂದರ ಪಕ್ಕ ಒಂದು ಸಣ್ಣ ಅಲೆ, ಅಳೆದು ಇಟ್ಟ ಹಾಗೆ, ಒಳ್ಳೆಯ ಕೋಟಿಗೆ ಹಾಕಿದ ಹೊಲಿಗೆಯ ಹಾಗೆ. ಯಾರೋ ನೋಡಿ "ಇವನೇನು ವೆಲ್ಡರ್ರೋ ದರ್ಜಿಯೋ" ಅಂದರು, ಹೆಸರು ಅಂಟಿಕೊಂಡಿತು. ಬೀದಿಗೆ ಹೊಸದಾಗಿ ಬಂದ ಒಬ್ಬಾಕೆ, ಪಾಪ, ಹರಿದ ಪ್ಯಾಂಟು ಹಿಡಿದುಕೊಂಡು ಅವನ ಬಾಗಿಲು ತಟ್ಟಿದ್ದೂ ಉಂಟು. "ನಮ್ಮವರು ಹೊಲಿದ್ರೆ ಈ ಪ್ಯಾಂಟು ಇನ್ನೊಂದ್ಸಲ ಹರಿಯಲ್ಲಮ್ಮ. ಆದ್ರೆ ಹಾಕ್ಕೊಂಡೋರಿಗೆ ಕೂತ್ಕೊಳ್ಳೋಕೆ ಆಗಲ್ಲ," ಎಂದು ಅವನ ಹೆಂಡತಿ ನಗಿಸಿ ಕಳಿಸಿದಳು.

ಜನ ವೆಲ್ಡಿಂಗ್ ಅಂದರೆ ಕಿಡಿ ಹಾರುವುದು ಅಂದುಕೊಳ್ಳುತ್ತಾರೆ. ಕಿಡಿ ಹಾರಿದಷ್ಟೂ ಕೆಲಸ ಜೋರು ಅಂತ. ದರ್ಜಿಯ ಕೆಲಸದಲ್ಲಿ ಒಂದು ಕಿಡಿಯೂ ಹಾರುತ್ತಿರಲಿಲ್ಲ. ಪೆನ್ಸಿಲ್ ಚೂಪು ಮಾಡಿದಂಥ ಒಂದು ಸೂಜಿಯ ತುದಿಯಲ್ಲಿ ಬಿಳಿ ಬೆಂಕಿ, ಸುತ್ತ ಗಾಳಿ ತಾಕದಂತೆ ಮೆಲ್ಲಗೆ ಸುಯ್ಯೆನ್ನುವ ಗ್ಯಾಸು, ಬೆಂಕಿಯ ಕೆಳಗೆ ಕರಗಿ ಕನ್ನಡಿಯಂತಾದ ಒಂದು ಹನಿ ಉಕ್ಕು. ಆ ಹನಿಯನ್ನು ಕೊಳ ಎನ್ನುತ್ತಾರೆ ಅವರು. ಕಡಲೆಬೀಜದಷ್ಟು ಇರುತ್ತದೆ, ಅದಕ್ಕೆ ಕೊಳ ಅಂತ ಹೆಸರು! ಅದನ್ನು ಚೆಲ್ಲದ ಹಾಗೆ, ಆರದ ಹಾಗೆ, ತೂತು ಬೀಳದ ಹಾಗೆ ಕೆಳಗಿಂದ ಮೇಲಕ್ಕೆ ನಡೆಸಿಕೊಂಡು ಹೋಗಬೇಕು. ತುಂಬಿದ ಬಟ್ಟಲು ಹಿಡಿದು ಮಗು ಅಟ್ಟ ಹತ್ತಿದಂತೆ. ನಾವು ಕುಡಿಯುವ ನೀರಿನ ಕೊಳವೆ, ಬಸ್ಸಿನಲ್ಲಿ ಬೀಳದಂತೆ ಹಿಡಿದುಕೊಳ್ಳುವ ಕಂಬಿ, ಆಸ್ಪತ್ರೆಯ ಮಂಚ, ಮಕ್ಕಳ ಜೋಕಾಲಿ, ಎಲ್ಲದರಲ್ಲೂ ಇಂಥ ಒಬ್ಬನ ಉಸಿರು ಬಿಗಿಹಿಡಿದ ಹೊತ್ತು ಇದೆ. ಮುರಿದರೆ ಯಾರು ಮಾಡಿದ್ದು ಎಂದು ಕೇಳುತ್ತಾರೆ. ಮುರಿಯದಿದ್ದರೆ ಯಾರೂ ಕೇಳುವುದಿಲ್ಲ. ಅವನ ಕೆಲಸ ನಲವತ್ತು ವರ್ಷ ಮುರಿಯುವುದಿಲ್ಲ, ಹಾಗಾಗಿ ಅವನನ್ನು ಯಾರೂ ಕೇಳಿದವರಿಲ್ಲ.

ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹಾಲು ತುಂಬುವ ದೊಡ್ಡ ದೊಡ್ಡ ಉಕ್ಕಿನ ತೊಟ್ಟಿಗಳನ್ನು ಮಾಡುತ್ತಿದ್ದರು. ನಿಂತರೆ ಮನೆಯ ಮಾಳಿಗೆಯಷ್ಟು ಎತ್ತರ. ಹಾಲಿನ ತೊಟ್ಟಿಯ ಒಳಮೈ ಹೊಸ ತಟ್ಟೆಯಂತೆ ನುಣುಪಾಗಿರಬೇಕು. ಬೆಸುಗೆಯಲ್ಲಿ ಉಗುರು ಸಿಕ್ಕುವಷ್ಟು ಸಂದಿ ಇದ್ದರೂ ಅಲ್ಲಿ ಹಾಲು ಕೂತು ಹುಳಿಯಾಗಿ ಇಡೀ ತೊಟ್ಟಿಯನ್ನು ಕೆಡಿಸುತ್ತದೆ. ಅದಕ್ಕೇ ಅಲ್ಲಿ ಜೋಡಿ ಬೆಸುಗೆ. ಎರಡು ತಗಡುಗಳನ್ನು ಅಂಚಿಗೆ ಅಂಚು ತಾಗಿಸಿ ನಿಲ್ಲಿಸುತ್ತಾರೆ. ಒಬ್ಬ ವೆಲ್ಡರ್ ತೊಟ್ಟಿಯ ಹೊರಗೆ, ಇನ್ನೊಬ್ಬ ಒಳಗೆ. ನಡುವೆ ತಗಡು. ಇವನ ಮುಖ ಅವನಿಗೆ ಕಾಣದು, ಅವನ ಮುಖ ಇವನಿಗೆ ಕಾಣದು. ಇಬ್ಬರೂ ಒಂದೇ ಸಲಕ್ಕೆ ಬೆಂಕಿ ಹೊತ್ತಿಸುತ್ತಾರೆ. ಎರಡೂ ಕಡೆಯ ಬಿಸಿಗೆ ನಡುವೆ ಒಂದೇ ಒಂದು ಕೊಳ ಕರಗುತ್ತದೆ, ಇಬ್ಬರೂ ಸೇರಿ ಅದನ್ನು ಮೇಲಕ್ಕೆ ನಡೆಸುತ್ತಾರೆ. ಹೊರಗಿನವನು ಎಡಗೈಯಲ್ಲಿ ಸಣ್ಣ ತಂತಿ ಹಿಡಿದು ಕೊಳಕ್ಕೆ ಉಣಿಸುತ್ತಾ ಹೋಗುತ್ತಾನೆ. ಒಬ್ಬ ಕೂದಲೆಳೆಯಷ್ಟು ಮುಂದೆ ಇರಬೇಕು, ಇನ್ನೊಬ್ಬ ಕೂದಲೆಳೆಯಷ್ಟು ಹಿಂದೆ. ಇಬ್ಬರೂ ನಾನೇ ಮುಂದು ಎಂದರೆ ಉಕ್ಕು ಸರಿಯಾಗಿ ಕರಗದು. ಇಬ್ಬರೂ ನೀನೇ ಮುಂದು ಎಂದು ನಿಂತರೆ ಒಂದೇ ಜಾಗ ಕಾದು ಕಾದು ತೂತು ಬೀಳುತ್ತದೆ. ಗಂಡಹೆಂಡತಿಗಿಂತ ಕಷ್ಟ ಇದು ನೋಡಿ. ಗಂಡಹೆಂಡತಿ ಕಡೆಗೆ ಜಗಳವನ್ನಾದರೂ ಆಡಬಹುದು.

ದರ್ಜಿ ಹೊರಗೆ, ಅವನ ಜೊತೆಗಾರ ಒಳಗೆ. ಇಪ್ಪತ್ತೆರಡು ವರ್ಷ ಹೀಗೆ.

ಜೊತೆಗಾರನಿಗೆ ಬೇರೆ ಅಡ್ಡಹೆಸರಿರಲಿಲ್ಲ. ದುಂಡು ಮೈ, ತಲೆಯಲ್ಲಿ ನಾಲ್ಕೇ ಕೂದಲು, ಆ ನಾಲ್ಕಕ್ಕೂ ದಿನಾ ಎಣ್ಣೆ. ಯಾವಾಗಲೂ ಒಳಗಿನ ಜಾಗ ಅವನದೇ. "ಹೊರಗೆ ನಿಂತ್ರೆ ಮೇಸ್ತ್ರಿ ಮುಖ ನೋಡ್ಬೇಕಪ್ಪ, ಒಳಗಾದ್ರೆ ಆ ಕಷ್ಟ ಇಲ್ಲ," ಎನ್ನುತ್ತಿದ್ದ, ಮೇಸ್ತ್ರಿಗೆ ಕೇಳುವ ಹಾಗೆ. ತಂತಿ ಹಾಕುವವನೇ ಮುಂದಾಳು ಎಂದು ಇಡೀ ಕಾರ್ಖಾನೆಯಲ್ಲಿ ಲೆಕ್ಕ. ದರ್ಜಿಯೂ ಹಾಗೇ ತಿಳಿದಿದ್ದ. "ನಾನು ಹೋಗ್ತಾ ಇರ್ತೀನಿ, ಅವನು ಹಿಂದೆ ಬರ್ತಾ ಇರ್ತಾನೆ," ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದ. ಜಂಬಕ್ಕಲ್ಲ, ಬಸ್ಸು ಓಡಿಸುವವನು ನಾನು ಓಡಿಸುತ್ತೇನೆ ಎಂದ ಹಾಗೆ. ಜೊತೆಗಾರ ಪಕ್ಕದಲ್ಲಿ ಚಹಾ ಊದಿಕೊಳ್ಳುತ್ತಾ ಹೂಂ ಎನ್ನುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಆ ಜೊತೆಗಾರ ಕ್ಷೌರದ ಅಂಗಡಿಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಾ ಕೂತವನು ಹಾಗೇ ಪಕ್ಕದವನ ಹೆಗಲಿಗೆ ಒರಗಿದ. ನಿದ್ದೆ ಬಂದಿರಬೇಕು ಎಂದು ಪಕ್ಕದವನು ಹತ್ತು ನಿಮಿಷ ಅಲುಗಾಡದೆ ಕೂತಿದ್ದನಂತೆ, ಪುಣ್ಯಾತ್ಮ. ಎದೆ ನಿಂತುಹೋಗಿತ್ತು.

ದರ್ಜಿ ಅಳಲಿಲ್ಲ. ಮಾಡಬೇಕಾದ್ದೆಲ್ಲ ಮಾಡಿದ. ಯಾರು ಯಾರಿಗೆ ತಿಳಿಸಬೇಕೋ ತಿಳಿಸಿದ, ಕುರ್ಚಿ ತರಿಸಿದ, ಬಂದವರಿಗೆ ನೀರು ಕೊಟ್ಟ, ಮಂಗಳವಾರ ಕೆಲಸಕ್ಕೆ ಹೋದ. ಅವನಿಗೇ ವಿಚಿತ್ರವೆನಿಸಿತು. ಒಳಗೆ ಏನಾದರೂ ಆಗುತ್ತದೆ, ಈಗ ಆಗುತ್ತದೆ, ನಾಳೆ ಆಗುತ್ತದೆ ಎಂದು ಕಾದ. ಏನೂ ಆಗಲಿಲ್ಲ. ವೆಲ್ಡರುಗಳ ಬೆರಳ ತುದಿ ಸುಟ್ಟು ಸುಟ್ಟು ದಡ್ಡುಗಟ್ಟಿರುತ್ತದಲ್ಲ, ಕುದಿಯುವ ಲೋಟವನ್ನು ಹಾಗೇ ಹಿಡಿಯುತ್ತಾರೆ, ಆ ದಡ್ಡು ಬೆರಳಿಂದ ಮೇಲೇರಿ ಎಲ್ಲ ಕಡೆ ಹರಡಿದಂತಿತ್ತು. ಒಂದು ದಿನ ಹೆಂಡತಿ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ತಟ್ಟೆ ಖಾಲಿ ಮಾಡಿ ಕೈ ತೊಳೆದ.

"ಉಪ್ಪಿರಲಿಲ್ಲ," ಅಂದಳು ಅವಳು.

"ಹೌದಾ?"

"ಹೌದಾ ಅಂತ ಕೇಳ್ತೀರಲ್ಲ! ಬಾಯಲ್ಲಿ ನಾಲಿಗೆ ಇದೆಯೋ ಚಪ್ಪಲಿ ಇದೆಯೋ?" ಎಂದು ಬೈಯಲು ಹೊರಟವಳು ಅವನ ಮುಖ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲವತ್ತರ ಮೇಲಿನ ಗಂಡಸಿಗೆ ಅಳು ಬಾರದಿದ್ದರೆ ಹೆಂಗಸರು ಏನು ತಾನೇ ಮಾಡಿಯಾರು. ಮಾರನೆಯ ದಿನ ಉಪ್ಪು ಸ್ವಲ್ಪ ಹೆಚ್ಚೇ ಹಾಕಿದಳು. ಅದೂ ಅವನಿಗೆ ತಿಳಿಯಲಿಲ್ಲ.

ಹೀಗೆ ಒಂದು ತಿಂಗಳು ಕಳೆಯಿತು. ಅಷ್ಟರಲ್ಲಿ ಕಾರ್ಖಾನೆಗೆ ನಾಲ್ಕು ಹೊಸ ತೊಟ್ಟಿಗಳ ಕೆಲಸ ಬಂತು. ಮೇಸ್ತ್ರಿ ದರ್ಜಿಯನ್ನು ಕರೆದ. ಮೇಸ್ತ್ರಿಯ ಮುಖ ಸದಾ ಹರಳೆಣ್ಣೆ ಕುಡಿದಂತೆ. ಆವತ್ತು ಇನ್ನೊಂದು ಚಮಚ ಜಾಸ್ತಿ.

"ನೋಡಪ್ಪ, ಜೋಡಿ ಬೆಸುಗೆಗೆ ಪರೀಕ್ಷೆ ಪಾಸಾಗಿರೋದು ನೀನಲ್ಲ, ನಿಮ್ಮ ಜೋಡಿ. ಈಗ ಜೋಡಿ ಇಲ್ಲ. ಹೊಸ ಜೋಡಿ ಮಾಡ್ಕೊಂಡು ಹೊಸದಾಗಿ ಪರೀಕ್ಷೆ ಕೊಡ್ಬೇಕು. ತೊಟ್ಟಿ ತಗೊಳ್ಳೋರ ಕಡೆಯಿಂದ ಪರೀಕ್ಷಕರು ಶುಕ್ರವಾರ ಬರ್ತಾರೆ."

"ಪಾಸಾಗದಿದ್ರೆ?"

"ಪಾಸಾಗದಿದ್ರೆ ನಾಲ್ಕೂ ತೊಟ್ಟಿ ಬೇರೆ ಕಾರ್ಖಾನೆಗೆ ಹೋಗುತ್ತೆ. ಜೋಡಿ ಕೆಲಸವೇ ಇಲ್ಲಿ ಮುಗೀತು ಅಂತ ಯಜಮಾನ್ರು ಹೇಳಿದ್ದಾರೆ. ನಿನ್ನನ್ನೇನು ಮನೆಗೆ ಕಳ್ಸಲ್ಲ, ಗೇಟು ಗ್ರಿಲ್ಲು ಮಾಡೋ ಶೆಡ್ಡಿಗೆ ಹಾಕ್ತೀವಿ."

ಗೇಟು ಮಾಡುವುದೇನು ಕೀಳು ಕೆಲಸವಲ್ಲ. ಕಳ್ಳ ಬಾರದಂತೆ ನಮ್ಮನ್ನು ಕಾಯುವುದು ಅದೇ. ಆದರೆ ಗೇಟಿಗೆ ಆಚೆ ಕಡೆಯವನು ಬೇಕಾಗಿಲ್ಲ. ಒಬ್ಬನೇ ಬೆಂಕಿ, ಒಬ್ಬನೇ ಗೆರೆ. ದರ್ಜಿಗೆ ಬೇರೇನೂ ಬೇಕೆನಿಸದಿದ್ದರೂ ಅದೊಂದನ್ನು ಬಿಟ್ಟುಕೊಡಲಾರೆ ಎನಿಸಿತು. ತಗಡಿನ ಆ ಬದಿಯಿಂದ ಯಾರದೋ ಬಿಸಿ ಬಂದು ತನ್ನ ಬಿಸಿಗೆ ಸೇರುವುದು. ಅದು ಹೋದರೆ ಇಪ್ಪತ್ತೆರಡು ವರ್ಷದ್ದೂ ಹೋಯಿತು.

"ಜೋಡಿ ಯಾರು?" ಎಂದು ಕೇಳಿದ.

"ಕೊಳವೆ ಶೆಡ್ಡಿನ ರೇಡಿಯೋ."

ದರ್ಜಿ ಕಣ್ಣು ಮುಚ್ಚಿದ.

ರೇಡಿಯೋ ಎಂದರೆ ಕೊಳವೆಗಳನ್ನು ಬೆಸೆಯುವ ಒಬ್ಬ ಹೆಂಗಸು. ಅವಳ ಅಪ್ಪನೂ ವೆಲ್ಡರ್. ಅಪ್ಪನ ಕೈಕೆಳಗೆ ಕಲಿತು, ಕೈಗೆ ಅಪ್ಪನಿಗಿಂತ ಚುರುಕು ಬಂದಿತ್ತು. ಕೊಳವೆಯ ಹಿಂಬದಿ ಕಾಣದ ಕಡೆ ಕನ್ನಡಿ ಇಟ್ಟುಕೊಂಡು, ಎಡವನ್ನು ಬಲ ಮಾಡಿಕೊಂಡು ಬೆಸೆಯುತ್ತಿದ್ದಳು. ಅದು ಗೊತ್ತಿದ್ದವರು ಇಡೀ ಕಾರ್ಖಾನೆಯಲ್ಲಿ ಇಬ್ಬರೇ. ಎಲ್ಲ ಸರಿ, ಬಾಯಿ ಮಾತ್ರ ನಿಲ್ಲದು. ಗಂಡ ಲಾರಿ ಓಡಿಸುತ್ತಿದ್ದ. ಅವನು ದೂರದ ಬಾಡಿಗೆಗೆ ಯಾಕೆ ಅಷ್ಟು ಖುಷಿಯಾಗಿ ಹೋಗುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳೇ ಎಲ್ಲರಿಗಿಂತ ಮೊದಲು ಆಡಿಕೊಳ್ಳುತ್ತಿದ್ದಳು.

ಸೋಮವಾರ ಅಭ್ಯಾಸ ಶುರುವಾಯಿತು. ಅಭ್ಯಾಸಕ್ಕೆ ತೊಟ್ಟಿ ಬೇಡ. ಬಾಗಿಲಿನ ಚೌಕಟ್ಟಿನಂಥ ಒಂದು ಸ್ಟ್ಯಾಂಡಿಗೆ ಎರಡು ತಗಡು ಸಿಕ್ಕಿಸಿ ಇಬ್ಬರೂ ಎದುರುಬದುರು ನಿಂತರೆ ಆಯಿತು. ದರ್ಜಿ ತಂತಿ ಹಿಡಿದು ಈಚೆ, ಅವಳು ಆಚೆ.

"ಅಣ್ಣ, ಮೇಸ್ತ್ರಿ ಹೇಳಿದ್ದಾರೆ, ನೀವು ಮುಂದೆ, ನಾನು ಹಿಂದೆ," ಎಂದಳು ಮುಖಕವಚ ಇಳಿಸುತ್ತಾ. "ನೀವು ಹೆದರ್ಬೇಡಿ, ನಾನು ಹಿಂದೇನೇ ಇರ್ತೀನಿ. ಮದುವೆ ಆದ ದಿನದಿಂದ ಅಭ್ಯಾಸ ಇದೆ. ಅಂದ ಹಾಗೆ ನಿಮ್ಮ ಗ್ಯಾಸ್ ಸ್ವಲ್ಪ ಜಾಸ್ತಿ ಬಿಟ್ಟಿದ್ದೀರಾ? ನನ್ನ ಕಡೆ ಸೂಜಿ ಈಗ ತಾನೇ ಚೂಪು ಮಾಡ್ದೆ. ಹೊತ್ತಿಸ್ಲಾ?"

"ಹೊತ್ತಿಸು," ಎಂದ ಅವನು.

ಎರಡೂ ಕಡೆ ಬೆಂಕಿ ಹೊತ್ತಿತು. ಕೊಳ ಕರಗಿತು. ಅವಳು ಆ ಕಡೆಯಿಂದ ಮಾತಾಡುತ್ತಲೇ ಇದ್ದಳು, ಅವಳ ಅಕ್ಕನ ಮಗಳು ಸೈಕಲ್ಲಿಂದ ಬಿದ್ದದ್ದು, ಬಿದ್ದವಳು ಎದ್ದು ಸೈಕಲ್ಲಿಗೇ ಹೊಡೆದದ್ದು. ದರ್ಜಿ ತಂತಿ ಉಣಿಸಿದ, ಮೇಲೇರಿದ. ಗೇಣುದ್ದ ಏರಿರಬೇಕು, ಕೊಳ ಜೋತುಬಿತ್ತು, ಹೊಟ್ಟೆ ಬಿಟ್ಟಿತು, ಟಪ್ಪನೆ ಕೆಳಗೆ ಸುರಿಯಿತು. ತೂತು. ತೂತಿನ ಆಚೆ ಅವಳ ಮುಖಕವಚ ಕಂಡಿತು.

"ನಮಸ್ಕಾರ," ಅಂದಳು ರೇಡಿಯೋ ತೂತಿನಿಂದ.

ಅವನಿಗೆ ನಗು ಬರಲಿಲ್ಲ.

ಎರಡನೆಯ ತಗಡೂ ಹಾಗೇ. ಮೂರನೆಯದೂ ಹಾಗೇ. ಮಂಗಳವಾರ ನಾಲ್ಕು ತಗಡು ಹಾಳಾದವು. ಎತ್ತು ಏರಿಗೆ, ಕೋಣ ನೀರಿಗೆ ಎಂದರೆ ಸರಿ, ಎರಡೂ ಎಳೆಯುತ್ತವೆ ಎಂದಾದರೂ ಆಯಿತು. ಇಲ್ಲಿ ಎರಡೂ ನಿಂತುಬಿಡುತ್ತಿದ್ದವು.

"ನೀನು ನಿಲ್ತಾ ಇದ್ದೀಯ," ಎಂದ ದರ್ಜಿ.

"ನಾನಾ? ಅಣ್ಣ, ನೀವು ಹೊರಟ್ರೆ ತಾನೇ ನಾನು ಬರೋದು? ನೀವು ಮನೆ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಂಡು ನಿಂತೇ ಇದ್ದೀರ, ನಾನು ಬೀಗ ಹಿಡ್ಕೊಂಡು ನಿಮ್ಮ ಹಿಂದೆ ನಿಂತೇ ಇದ್ದೀನಿ."

"ಇಪ್ಪತ್ತೆರಡು ವರ್ಷ ಮುಂದಾಳು ನಾನು. ನನಗೆ ಹೇಳಿಕೊಡ್ಬೇಡ. ಮಾತಾಡೋದು ನಿಲ್ಸಿ ಕೊಳ ನೋಡು."

"ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ," ಎಂದು ಗೊಣಗಿದಳು ಅವಳು. ಆಮೇಲೆ ಅರ್ಧ ಗಂಟೆ ಮಾತೇ ಆಡಲಿಲ್ಲ. ಆ ಅರ್ಧ ಗಂಟೆಯ ತಗಡೂ ತೂತಾಯಿತು. ಹಾಗಾಗಿ ತಪ್ಪು ಮಾತಿನದಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ರೇಡಿಯೋ ಬಂದು ಅವನೆದುರು ನಿಂತಳು. ಕೈಯಲ್ಲಿ ಒಂದು ಟಾರ್ಚು, ಒಂದು ಉಕ್ಕಿನ ಅಳತೆಪಟ್ಟಿ.

"ಅಣ್ಣ, ಎದ್ದೇಳಿ. ಹಿತ್ತಲಲ್ಲಿ ನಿಮ್ಮ ತೊಟ್ಟಿ ಒಂದಿದೆ. ಕಾಲು ಬದಲಾಯಿಸೋಕೆ ಅಂತ ವಾಪಸ್ ಬಂದಿದೆಯಲ್ಲ, ಅದು. ನೀವಿಬ್ಬರೂ ಮಾಡಿದ್ದು."

"ಅದರಲ್ಲೇನು ನೋಡೋದು?"

"ನೀವು ಹೆಂಗೆ ಮುಂದೆ ಹೋಗ್ತಿದ್ರಿ ಅಂತ ನೋಡೋಣ. ನಾನು ಕಲಿಯೋಳು, ಕಲಿತೀನಿ."

ಇದೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಗೆರೆ ಮುಗಿಸಿ ಬೆಂಕಿ ಆರಿಸಿದ ಕಡೆ ಕಣ್ಣಿಗೆ ಕಾಣುವ, ಆದರೆ ಉಗುರಿಗೆ ಸಿಕ್ಕದಷ್ಟು ನುಣುಪಾದ ಒಂದು ಪುಟ್ಟ ಕುಳಿ ಉಳಿಯುತ್ತದೆ. ಜೋಡಿ ಬೆಸುಗೆಯಲ್ಲಿ ಇಬ್ಬರೂ ಒಂದೇ ಕ್ಷಣ ಬೆಂಕಿ ಆರಿಸುತ್ತಾರೆ. ಆ ಕ್ಷಣ ಮುಂದೆ ಇದ್ದವನ ಕುಳಿ ಸ್ವಲ್ಪ ಮೇಲೆ, ಹಿಂದೆ ಇದ್ದವನದು ಸ್ವಲ್ಪ ಕೆಳಗೆ. ಈ ಗೆರೆಗಳನ್ನು ಆಮೇಲೆ ಉಜ್ಜುವುದಿಲ್ಲ, ಹಾಗಾಗಿ ಕುಳಿ ಇದ್ದಲ್ಲೇ ಇರುತ್ತದೆ. ಆದರೆ ಯಾರು ನೋಡುತ್ತಾರೆ? ಒಂದು ಕುಳಿ ಹೊರಗೆ, ಒಂದು ಕುಳಿ ಒಳಗೆ. ಎರಡನ್ನೂ ಒಟ್ಟಿಗೆ ನೋಡಲು ಒಬ್ಬನಿಂದ ಆಗದು.

ರೇಡಿಯೋ ತೊಟ್ಟಿಯ ಕೆಳಗಿನ ಕಿಂಡಿಯಿಂದ ಒಳಗೆ ತೂರಿದಳು. ಅವಳ ಮಾತು ಒಳಗಿನಿಂದ ಬಾವಿಯ ಮಾತಿನಂತೆ ಕೇಳಿಸಿತು. ದರ್ಜಿ ಹೊರಗೆ ಏಣಿ ಹತ್ತಿ ನಿಂತ. ಒಳಗಿನಿಂದ ಟಕ್ ಟಕ್ ಎಂದು ಬಡಿದ ಸದ್ದು ಬಂತು.

"ಇದೇ ಗೆರೆ ತಾನೇ ಅಣ್ಣ?"

ಅವನು ಸದ್ದು ಬಂದ ಜಾಗದ ಮೇಲೆ ಅಂಗೈ ಇಟ್ಟ. ತಗಡಿನ ಒಳಗಿನಿಂದ ಹಾಗೆ ಯಾರಾದರೂ ಬಡಿದು ತಿಂಗಳ ಮೇಲಾಗಿತ್ತು. "ಹೂಂ, ಅದೇ," ಎಂದ.

"ಮೇಲಿನ ಅಡ್ಡಗೆರೆಯಿಂದ ನಿಮ್ಮ ಕುಳಿಗೆ ಎಷ್ಟಿದೆ ಅಳೀರಿ."

"ಹದಿನಾಲ್ಕು ಮಿಲಿಮೀಟರ್."

ಒಳಗೆ ಟಾರ್ಚು ಬಿದ್ದ ಸದ್ದು, ಒಂದು ಬೈಗಳ ಸದ್ದು. ಆಮೇಲೆ, "ಇಲ್ಲಿ ಹನ್ನೊಂದು."

"ಸರಿಯಾಗಿ ನೋಡು."

"ನೋಡಿದೀನಿ. ಹನ್ನೊಂದೇ. ಒಳಗಿನ ಕುಳಿ ಮೇಲಿದೆ ಅಣ್ಣ."

"ಒಂದು ಸಲ ಹಾಗಾಗಿರಬಹುದು."

ಆ ತೊಟ್ಟಿಗೆ ಆರು ಗೆರೆ. ಆರನ್ನೂ ಅಳೆದರು. ಅವನು ಏಣಿ ಇಳಿದು, ಸರಿಸಿ, ಮತ್ತೆ ಹತ್ತಿ. ಅವಳು ಒಳಗೆ ಡಬ್ಬದ ಮೇಲೆ ಡಬ್ಬ ಇಟ್ಟುಕೊಂಡು ಹತ್ತಿ. ಹದಿಮೂರು, ಹತ್ತು. ಹದಿನೈದು, ಹನ್ನೆರಡು. ಕೊನೆಯ ಎರಡು ಗೆರೆಗೆ ಅವಳು ಹೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು. ಆರಕ್ಕೆ ಆರೂ ಒಳಗಿನವನು ಮುಂದೆ, ಮೂರು ಮಿಲಿಮೀಟರ್, ಒಂದು ಕೂದಲೂ ಆಚೀಚೆ ಇಲ್ಲ.

ರೇಡಿಯೋ ಕಿಂಡಿಯಿಂದ ಹೊರಗೆ ಬಂದಳು. ಮೂಗಿನ ಮೇಲೆ ಮಸಿ. ಏನೋ ಹೇಳಲು ಬಾಯಿ ತೆರೆದಳು, ಅವನನ್ನು ನೋಡಿ ಮುಚ್ಚಿದಳು. ಅವಳಂಥವಳು ಬಾಯಿ ಮುಚ್ಚಿದಳೆಂದರೆ ಅವನ ಮುಖ ಹೇಗಿದ್ದಿರಬೇಕು ನೀವೇ ಯೋಚಿಸಿ.

ಅವನು ಏಣಿಯ ಕೆಳಮೆಟ್ಟಿಲ ಮೇಲೆ ಕೂತ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೊಳ ತಾನಾಗಿಯೇ ಮೇಲಕ್ಕೆ ಬಾ ಎಂದು ಕರೆಯುತ್ತದೆ, ತಾನು ತಂತಿ ಕೊಡುತ್ತೇನೆ ಎಂದುಕೊಂಡಿದ್ದ ಇಷ್ಟು ವರ್ಷ. ಕೊಳ ಕರೆದದ್ದಲ್ಲ. ಆಚೆ ಕಡೆಯವನು ಕರೆದದ್ದು. ಈಗ ಕರೆಯುವವನಿಲ್ಲ, ಅದಕ್ಕೇ ತಾನು ಕೊಳದ ಮುಂದೆ ಕಾಯುತ್ತಾ ನಿಂತುಬಿಡುವುದು.

"ಅವನಿಗೆ ಗೊತ್ತಿತ್ತಾ?" ಎಂದ, ಯಾರಿಗೂ ಅಲ್ಲ.

ಆವತ್ತು ಕೆಲಸ ಬಿಟ್ಟವನು ನೇರ ಜೊತೆಗಾರನ ಮನೆಗೆ ಹೋದ. ಜೊತೆಗಾರನ ಹೆಂಡತಿಯನ್ನು ಅವನು ಅತ್ತಿಗೆ ಎನ್ನುತ್ತಿದ್ದ, ಅವಳು ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳಾದರೂ. ಅವಳು ಮಹಡಿಯ ಮೆಟ್ಟಿಲಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಬ್ಬಳದೇ ಬಟ್ಟೆ, ಬೇಗ ಮುಗಿಯುತ್ತದೆ ಎಂದು ನಿಧಾನವಾಗಿ ಮಡಚುತ್ತಿದ್ದಳು.

"ಅತ್ತಿಗೆ, ಒಂದು ಕೇಳ್ತೀನಿ. ನಾವಿಬ್ಬರೂ ಬೆಸೆಯುವಾಗ ಮುಂದೆ ಯಾರಿರ್ತಿದ್ರು ಅಂತ ಅವನು ಯಾವಾಗಾದ್ರೂ ಹೇಳಿದ್ನಾ?"

ಅವಳು ಅವನನ್ನು ನೋಡಿದಳು. "ಈಗ ಗೊತ್ತಾಯ್ತಾ ನಿಮಗೆ?"

"ಇವತ್ತು."

"ಅಯ್ಯೋ ದೇವರೇ." ಅವಳು ಸೀರೆಯ ಒಂದು ತುದಿ ಅವನ ಕೈಗೆ ಕೊಟ್ಟಳು, ಅವನು ಹಿಡಿದುಕೊಂಡ, ಇಬ್ಬರೂ ಮಡಚಿದರು. "ಮನೇಲಿ ಹೇಳಿ ನಗ್ತಿದ್ರು. 'ತಾನೇ ನನ್ನ ಕರ್ಕೊಂಡು ಹೋಗ್ತೀನಿ ಅಂದ್ಕೊಂಡಿದ್ದಾನೆ ಕಣೆ' ಅಂತಿದ್ರು. ನಾನು ಕೇಳ್ದೆ, ಹೇಳ್ಬಾರದಾ, ಎಲ್ಲರೆದುರಿಗೂ ಅವರಿಗೇ ದೊಡ್ಡಸ್ತಿಕೆ ಯಾಕೆ ಅಂತ. ನನಗೂ ಒಂದು ಸಣ್ಣ ಹೊಟ್ಟೆಕಿಚ್ಚು ಇರ್ತಿತ್ತು, ಸುಳ್ಳು ಯಾಕೆ ಹೇಳ್ಲಿ."

"ಏನಂದ?"

"ಮುಂದೆ ಹೋಗೋದು ಯಾವ ಕತ್ತೆ ಬೇಕಾದ್ರೂ ಹೋಗುತ್ತೆ ಅಂದ್ರು. ಹಿಂದೆ ಬರೋನು ಸಿಕ್ಕೋದು ಕಷ್ಟ. ಇವನು ಎಷ್ಟು ಸರಿಯಾಗಿ ಬರ್ತಾನೆ ಅಂದ್ರೆ ಬರ್ತಾ ಇದ್ದೀನಿ ಅಂತ ಅವನಿಗೇ ಗೊತ್ತಿಲ್ಲ. ಹೇಳಿದ್ರೆ ಕೈ ನಡುಗುತ್ತೆ, ಹೇಳ್ಬೇಡ ಅಂದ್ರು." ಅವಳು ಮಡಚಿದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರಿದಳು. "ಈಗ ಹೇಳ್ಬಿಟ್ಟೆ. ಕೈ ನಡುಗ್ತಾ ಇದೆಯಾ?"

ಅವನು ಕೈ ಚಾಚಿ ನೋಡಿಕೊಂಡ. ಅವಳೂ ನೋಡಿದಳು. ನಡುಗುತ್ತಿರಲಿಲ್ಲ.

"ನೀರು ಕುಡೀತೀರಾ?" ಅಂದಳು.

"ಕೊಡಿ."

ಕುಡಿದು ಮನೆಗೆ ಹೋದ. ಅಷ್ಟೇ. ದಾರಿಯಲ್ಲಿ ಗೋಡೆ ಹಿಡಿದು ಅತ್ತ ಎಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ, ಆದರೆ ಅಳಲಿಲ್ಲವಲ್ಲ, ಏನು ಮಾಡಲಿ.

ಗುರುವಾರ ಬೆಳಿಗ್ಗೆ ಮೇಸ್ತ್ರಿಯ ಮುಂದೆ ನಿಂತು, ಹತ್ತು ಜನ ಇರುವಾಗಲೇ ಹೇಳಿದ: "ಪರೀಕ್ಷೆಯ ಕಾಗದದಲ್ಲಿ ಮುಂದಾಳು ಅಂತ ಇವಳ ಹೆಸರು ಬರೀರಿ. ನಾನು ಹಿಂದಾಳು."

ಮೇಸ್ತ್ರಿ ಕಿವಿಗೆ ಬೆರಳು ಹಾಕಿ ತಿರುವಿದ. "ಏನಂದೆ?"

"ನನಗೆ ಮುಂದೆ ಹೋಗೋಕೆ ಬರಲ್ಲ. ಯಾವತ್ತೂ ಬಂದಿರಲಿಲ್ಲ. ಮುಂದೆ ಇದ್ದದ್ದು ಅವನು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಇನ್ಯಾರೋ ಅವರ ಬೆನ್ನಿಗೆ ಗುದ್ದಿದರು. ಜೊತೆಗಾರ ತನ್ನ ಮುಖವನ್ನು ಎಷ್ಟು ಆಡಿಕೊಂಡಿದ್ದರೂ ಅವನ ಸಾವಿಗೆ ಕಣ್ಣೊರೆಸಿಕೊಂಡವನು ಮೇಸ್ತ್ರಿ. "ತಂತಿ ಯಾರು ಹಿಡೀತೀರ?" ಎಂದಷ್ಟೇ ಕೇಳಿದ.

"ಅವಳೇ ಹಿಡೀಲಿ. ತಂತಿ ನನ್ನ ಕೈಲಿದ್ರೆ ಮತ್ತೆ ನಾನೇ ಯಜಮಾನ ಅನ್ನಿಸುತ್ತೆ."

ರೇಡಿಯೋಗೆ ಹೆದರಿಕೆಯಾಯಿತು. ಅವಳು ಕೊಳವೆಯಲ್ಲಿ ಒಬ್ಬಳೇ ಓಡುವವಳು. ಹಿರಿಯನೊಬ್ಬ ಹಿಂದೆ ಬರುತ್ತಾನೆ ಎಂದರೆ ಕಾಲು ತೊಡರುತ್ತದೆ. "ಅಣ್ಣ, ನಾನು ಸ್ವಲ್ಪ ಜೋರು ಹೋಗ್ತೀನಿ. ಅಪ್ಪ ಬೈತಿದ್ರು."

"ಹೋಗು."

"ನೀವು ಹಿಂದೆ ಉಳಿದುಬಿಟ್ರೆ?"

"ಇಪ್ಪತ್ತೆರಡು ವರ್ಷ ಉಳಿದಿಲ್ಲ," ಎಂದ ಅವನು.

ಗುರುವಾರ ಎರಡು ತಗಡು ಬೆಸೆದರು. ಮೊದಲನೆಯದರ ನಡುವೆ ಒಂದು ಕಡೆ ಹೊಟ್ಟೆ ಬಿಟ್ಟಿತು, ತೂತು ಬೀಳಲಿಲ್ಲ. ಎರಡನೆಯದು ಸರಾಗ ಹೋಯಿತು. ಮೂರನೆಯದು ಮಾಡೋಣವೇ ಎಂದಳು ಅವಳು. ಬೇಡ, ಹೊಟ್ಟೆ ತುಂಬ ತಿಂದು ಓಟಕ್ಕೆ ಹೋಗಬಾರದು ಎಂದ.

ಶುಕ್ರವಾರ ಪರೀಕ್ಷಕರು ಇಬ್ಬರು ಬಂದರು. ಒಬ್ಬರು ದಪ್ಪ, ಒಬ್ಬರು ಸಣ್ಣ, ಮಾತಾಡಿದ್ದೆಲ್ಲ ಸಣ್ಣವರು. ತಗಡು ನಿಲ್ಲಿಸಿ, ಅಳತೆ ನೋಡಿ, ಶುರು ಮಾಡಿ ಎಂದರು. ಇಡೀ ಶೆಡ್ಡು ದೂರದಲ್ಲಿ ನಿಂತು ನೋಡುತ್ತಿತ್ತು, ನೋಡದ ಹಾಗೆ.

ಬೆಂಕಿ ಹೊತ್ತಿತು. ದರ್ಜಿಯ ಕಪ್ಪುಗಾಜಿನ ಒಳಗೆ ಲೋಕವೆಲ್ಲ ಆರಿ ಒಂದು ಕಾಳಿನಷ್ಟು ಬೆಳಕು ಮಾತ್ರ ಉಳಿಯಿತು. ಕೊಳ ಕರಗಿತು, ಕನ್ನಡಿಯಾಯಿತು. ಆಮೇಲೆ ಅದರ ಮೇಲಂಚು ಸ್ವಲ್ಪವೇ ಸ್ವಲ್ಪ ತೆಳ್ಳಗಾಯಿತು, ಆಚೆಯಿಂದ ಯಾರೋ ಮೆಲ್ಲಗೆ ಸೆರಗು ಎಳೆದ ಹಾಗೆ. ಇದು ಅವನ ಎಳೆತವಲ್ಲ. ಜೊತೆಗಾರನದು ದಪ್ಪ, ನಿಧಾನ, ಎಮ್ಮೆ ಏಳುವ ಹಾಗೆ; ಇದು ಗುಬ್ಬಿ. ದರ್ಜಿ ಹೋದ. ಅವಳು ಎಳೆದಳು, ಅವನು ಹೋದ. ಒಂದು ಕಡೆ ಅವಳ ಕೈ ತಂತಿಗೆ ಸರಿಯಾಗಿ ಸಿಗದೆ ಅರೆಗಳಿಗೆ ತಡೆಯಿತು. ಅವನು ಆ ಅರೆಗಳಿಗೆ ತನ್ನ ಬೆಂಕಿಯನ್ನು ಎತ್ತರಿಸಿ, ಬಿಸಿ ಇಳಿಸಿ, ಕೊಳ ಜೋಲದಂತೆ ಹಿಡಿದು ಕೊಟ್ಟ. ಯಾರೂ ಕಲಿಸಿದ್ದಲ್ಲ. ಹಿಂದೆ ಬರುವವನಿಗೆ ಮಾತ್ರ ಗೊತ್ತಿರುವ ವಿದ್ಯೆ ಅದು. ಇಷ್ಟು ವರ್ಷ ಹೀಗೆ ಎಷ್ಟು ಸಲ ಜೊತೆಗಾರನಿಗೂ ಕೊಳ ಹಿಡಿದುಕೊಟ್ಟಿದ್ದೆನೋ ಎಂದುಕೊಂಡ. ತುದಿ ಮುಟ್ಟಿತು. ಇಬ್ಬರೂ ಬೆಂಕಿ ಆರಿಸಿದರು.

ರೇಡಿಯೋ ಒಂದು ಮಾತೂ ಆಡಿರಲಿಲ್ಲ ಎಂದು ಆಗ ಅವನಿಗೆ ಹೊಳೆಯಿತು.

ಸಣ್ಣ ಪರೀಕ್ಷಕರು ತಗಡಿನಿಂದ ನಾಲ್ಕು ಪಟ್ಟಿ ಕತ್ತರಿಸಿ ತೆಗೆಸಿದರು. ಒಂದೊಂದನ್ನೂ ಒತ್ತುಯಂತ್ರದಲ್ಲಿ ಇಟ್ಟು, ಬೆಸುಗೆಯ ಜಾಗಕ್ಕೇ ಸರಿಯಾಗಿ, ತಲೆಪಿನ್ನಿನಂತೆ ಎರಡು ತುದಿ ಕೂಡುವವರೆಗೆ ಬಗ್ಗಿಸಿದರು. ಬೆಸುಗೆ ಕೆಟ್ಟದಾಗಿದ್ದರೆ ಆ ಬೆನ್ನಿನ ಮೇಲೆ ಬಾಯಿ ಬಿಡುತ್ತದೆ. ಅವರು ಭೂತಗಾಜು ಹಿಡಿದು ನಾಲ್ಕನ್ನೂ ನೋಡಿದರು, ದಪ್ಪನೆಯವರಿಗೆ ಕೊಟ್ಟರು, ಅವರೂ ನೋಡಿದರು.

"ಹೂಂ," ಅಂದರು ದಪ್ಪನೆಯವರು. ಆವತ್ತೆಲ್ಲ ಅವರಾಡಿದ್ದು ಅದೊಂದೇ.

"ಪಾಸಾ ಫೇಲಾ ಹೇಳ್ಬಾರದಾ, ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಹೂಂ ಅಂದ್ರೆ!" ಎಂದು ಸಿಡಿದಳು ರೇಡಿಯೋ. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಮಾತು ಕಟ್ಟೆ ಒಡೆದಿತ್ತು. ಸಣ್ಣವರು ನಕ್ಕು ಪಾಸಮ್ಮ ಪಾಸು ಎಂದರು. ಶೆಡ್ಡಿನವರೆಲ್ಲ ಸುತ್ತಿಗೆಯಿಂದ ಸಿಕ್ಕಿದ್ದಕ್ಕೆ ಬಡಿದು ಸದ್ದು ಮಾಡಿದರು. ಮೇಸ್ತ್ರಿ ನಗಲು ಪ್ರಯತ್ನಪಟ್ಟ. ಅಭ್ಯಾಸವಿಲ್ಲದೆ ಅದು ಹಲ್ಲುನೋವಿನಂತೆ ಕಂಡಿತು. ದರ್ಜಿ ಕೈಗವಸು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ಮಡಚಿದ. ಸಂತೋಷ ಎಲ್ಲಿದೆ ಎಂದು ಹುಡುಕಿದ. ಜೇಬಿನಲ್ಲಿ ಇಟ್ಟದ್ದು ಸಿಕ್ಕದ ಹಾಗಿತ್ತು. ಇದೆ, ಎಲ್ಲೋ ಇದೆ.

ಸೋಮವಾರ ಮೊದಲನೆಯ ತೊಟ್ಟಿ ನಿಂತಿತು. ರೇಡಿಯೋ ಟೊಂಕಕ್ಕೆ ಬಟ್ಟೆ ಬಿಗಿದು ಕಿಂಡಿಯ ಮುಂದೆ ಬಗ್ಗಿದಳು.

"ಎಲ್ಲಿಗೆ?" ಎಂದ ದರ್ಜಿ.

"ಒಳಗೆ. ಹೊರಗಿನ ಜಾಗ ನಿಮ್ಮದಲ್ವಾ?"

"ತಂತಿ ನಿನ್ನ ಕೈಲಿದೆ. ತಂತಿ ಇರೋರು ಹೊರಗೆ. ಆ ಕಡೆ ಸರಿ."

ಅವನು ಮೊಣಕಾಲೂರಿ ಕಿಂಡಿಯಿಂದ ಒಳಗೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಒಳಗೆ ಎದ್ದು ನಿಂತರೆ ತಲೆ ಮೇಲೆ ಒಂದು ದುಂಡು ಆಕಾಶ, ಅಷ್ಟೇ. ಉಸಿರು ಬಿಟ್ಟರೆ ಅದು ಗೋಡೆಗೆ ಹೋಗಿ ಮುಖಕ್ಕೇ ಬಂತು. ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿತು, ಹತ್ತು ನಿಮಿಷಕ್ಕೆ ಹುಬ್ಬಿನಿಂದ ಬೆವರು ಕಣ್ಣಿಗಿಳಿದು ಚುರುಚುರು ಎಂದಿತು. ಇನ್ನೂ ಬೆಂಕಿ ಹೊತ್ತಿಸಿಯೇ ಇರಲಿಲ್ಲ.

"ಅಣ್ಣ? ಇದ್ದೀರಾ? ಮಾತೇ ಇಲ್ಲ!"

"ಸೆಕೆ," ಎಂದ ಅವನು. ಧ್ವನಿ ತೊಟ್ಟಿಯಲ್ಲಿ ಸುತ್ತಿ ಅವನಿಗೇ ಕೇಳಿಸಿತು. "ಅಬ್ಬಬ್ಬ, ಏನು ಸೆಕೆ ಇಲ್ಲಿ! ಒಂದು ದಿನವಾದ್ರೂ ಹೇಳ್ಬಾರದಿತ್ತಾ ಇವನು!"

ಅವನು ತೋಳಿನಿಂದ ಮುಖ ಒರೆಸಿಕೊಂಡ, ಇನ್ನೊಂದು ಸಲ ಒರೆಸಿಕೊಂಡ, ಬೆವರು ಬರುತ್ತಲೇ ಇತ್ತು. ಸ್ವಲ್ಪ ಹೊತ್ತು ಹೀಗೇ ಆಯಿತು.

"ಹೊತ್ತಿಸ್ಲಾ ಅಣ್ಣ, ಇಲ್ಲಾ ಒಂದು ಲೋಟ ನೀರು ಕಳಿಸ್ಲಾ?"

"ಹೊತ್ತಿಸು. ನೀನು ನಡಿ," ಎಂದು ಮುಖಕವಚ ಇಳಿಸಿದ. "ಬರ್ತಾ ಇದ್ದೀನಿ."